ತಳವಿಲ್ಲದ ಹೂಜಿ

ಕಸಬಾ ಬೆಂಗ್ರೆಯ ಫೆರಿ ಕಟ್ಟೆಯ ಬದಿ,
ಮಗುಚಿಟ್ಟ ದೋಣಿಯ ಬೆನ್ನಿಗೊರಗಿ
ನನ್ನ ಫೋನಿನಲ್ಲಿ ಹಾಯಿಪಂದ್ಯ ನೋಡುತ್ತಿದ್ದಾರೆ ಚೆಯ್ಯಬ್ಬಾಕ.
ಕನ್ನಡಕದ ಒಂದು ಕಾಲು ಬಲೆಯ ನೂಲಿನದು.

ಎಷ್ಟು ದೋಣಿ?
ಎರಡೇ.
ಸರಕು?
ಏನಿಲ್ಲ.
ಹಂಚಿಲ್ಲ, ಅಕ್ಕಿಯಿಲ್ಲ, ನೀರುಳ್ಳಿಯೂ ಇಲ್ಲ?
ಖಾಲಿ ದೋಣಿಗೆ ಇಷ್ಟು ಅವಸರ ಎಂತದು ಮಾರಾಯ್ತಿ?

ಬತ್ತೇರಿಯ ಹೊಳೆಯಲ್ಲಿ ಎರಡು ವರ್ಷ
ಎನ್‌ಸಿಸಿ ದೋಣಿಯ ಹಗ್ಗ ಎಳೆದ ಜಂಬ ನನಗೆ.
ಹೇಳತೊಡಗಿದೆ:
ನೂರೆಪ್ಪತ್ತು ವರ್ಷ ದಾಟಿದ ಪಂದ್ಯ ಇದು.
ಇಂಗ್ಲೆಂಡಿನ ಒಂದು ದ್ವೀಪ ಸುತ್ತಿ ಬರಬೇಕಿತ್ತು,
ಕಡಲಾಚೆಯಿಂದ ಒಂದೇ ದೋಣಿ ಬಂತು,
ಅಮೆರಿಕ ಅಂತಲೇ ಅದರ ಹೆಸರು.
ಊರಿನ ದೋಣಿಗಳನ್ನೆಲ್ಲ ಹಿಂದೆ ಹಾಕಿ
ಬೆಳ್ಳಿಯ ಹೂಜಿ ಹೊತ್ತು ಹೋಯಿತು.
ಆಮೇಲೆ ನೂರಮೂವತ್ತೆರಡು ವರ್ಷ
ಯಾರಿಗೂ ಬಿಟ್ಟುಕೊಡಲಿಲ್ಲ ಅವರು.
ಕ್ಲಬ್ಬಿನಲ್ಲಿ ಬೋಲ್ಟು ಹಾಕಿ ಬಿಗಿದಿಟ್ಟಿದ್ದರಂತೆ.

ಹೆದರಿದವರು, ಅಂದರು ಚೆಯ್ಯಬ್ಬಾಕ.

ಒಬ್ಬ ಚಹಾ ವ್ಯಾಪಾರಿ ಐದು ಸಲ ಸವಾಲು ಹಾಕಿ
ಐದು ಸಲವೂ ಸೋತ.
ಚಹಾ ಮಾತ್ರ ಊರೂರಲ್ಲಿ ಖರ್ಚಾಯಿತು.
ತಮ್ಮ ಗ್ಲಾಸಿನ ತಳ ನೋಡಿ ತಲೆಯಾಡಿಸಿದರು:
ಹಾಗಾದರೆ ಸೋತದ್ದು ಎಲ್ಲಿ?

ಎಂಬತ್ತಮೂರರಲ್ಲಿ ಆಸ್ಟ್ರೇಲಿಯದವರು
ದೋಣಿಯ ಅಡಿಗೆ ರೆಕ್ಕೆ ಕಟ್ಟಿದರು,
ದಡಕ್ಕೆ ಬಂದಾಗೆಲ್ಲ ಯಾರ ಕಣ್ಣಿಗೂ ಬೀಳದಂತೆ
ಲಂಗದ ಹಾಗೆ ಬಟ್ಟೆ ಸುತ್ತಿ.
ಏಳರಲ್ಲಿ ನಾಲ್ಕು ಗೆದ್ದು ಬೋಲ್ಟು ಬಿಚ್ಚಿಸಿದರು.
ನಿಯಮ? ಗೆದ್ದವನೂ ಸವಾಲಿನವನೂ ಕೂತು ಬರೆಯಬೇಕು.
ಒಪ್ಪಂದ ಆಗದಿದ್ದರೆ ಕೋರ್ಟು.

ಕೋರ್ಟಿನಲ್ಲಿ ಗಾಳಿ ಯಾವ ಕಡೆಯದು?

ಅಷ್ಟರಲ್ಲಿ ಪರದೆಯ ಮೇಲೆ ದೋಣಿ ಎದ್ದಿತು.
ಕತ್ತಿಯಲಗಿನಷ್ಟು ಮಾತ್ರ ನೀರಿಗೆ ತಾಗಿ
ಒಡಲಿಡೀ ಗಾಳಿಯಲ್ಲಿ.
ಹಾಯಿ ಎತ್ತಲು ‘ಐಲೇಸಾ’ ಇಲ್ಲ,
ಗುಂಡಿಯೊಳಗೆ ಕೂತು ಸೈಕಲ್ ತುಳಿಯುವವರಿದ್ದಾರೆ.
ಬಹಳ ಹೊತ್ತು ಸುಮ್ಮನಿದ್ದು ಕೇಳಿದರು:
ಕಡಲು ಅದಕ್ಕೆ ಗೊತ್ತೇ ಆಗುವುದಿಲ್ಲ, ಅಲ್ಲವಾ?

ಹೂಜಿ ಎಷ್ಟು ಸೇರು ಹಿಡಿಯುತ್ತದೆ ಅಂದಾಗ
ನಿಜ ಹೇಳಿದೆ. ಅದಕ್ಕೆ ತಳವೇ ಇಲ್ಲ.
ಕೆಮ್ಮು ಬರುವವರೆಗೂ ನಕ್ಕರು.

ಆ ನಗುವಿನ ಹುಮ್ಮಸ್ಸಿಗೆ ನಾನು
ಮೊದಲ ಪಂದ್ಯದ ಕತೆ ತೆಗೆದೆ,
ನಡೆದದ್ದೋ ಕಟ್ಟಿದ್ದೋ ಯಾರಿಗೆ ಗೊತ್ತು.
ರಾಣಿ ಕೇಳಿದಳಂತೆ, ಮುಂದಿರುವುದು ಯಾವುದು?
ಅಮೆರಿಕ.
ಎರಡನೆಯದು?
ದುರ್ಬೀನು ಹಿಡಿದವನು ಅಂದನಂತೆ:
ಎರಡನೆಯದು ಎಂಬುದೇ ಇಲ್ಲ, ಮಹಾರಾಣಿ.

ಫೋನನ್ನು ತೊಡೆಯ ಮೇಲೆ ಮಲಗಿಸಿದರು.

ಅರವತ್ತೆರಡು. ಮಂಜಿಯಲ್ಲಿ ನಾನು ಅಡುಗೆಯ ಹುಡುಗ.
ಆಂದ್ರೋತ್‌ನಿಂದ ಎರಡು ಮಂಜಿ ಒಟ್ಟಿಗೆ ಬಿಟ್ಟೆವು,
ಹೊಟ್ಟೆ ತುಂಬ ಕೊಬ್ಬರಿ.
ಮೊದಲು ಅಳಿವೆಬಾಗಿಲು ಹೊಕ್ಕವರಿಗೆ
ಬಂದರದ ಧಣಿಯಿಂದ ಒಂದು ಮುಡಿ ಅಕ್ಕಿ,
ತಂಡೇಲನಿಗೆ ಜರಿ ರುಮಾಲು.
ಆ ಮಂಜಿಯಲ್ಲಿ ನನ್ನ ಓರಗೆಯ ಇಸುಬು,
ಅವನೂ ಅಡುಗೆಗೆ.
ರಾತ್ರಿ ಅವನ ಒಲೆಯ ಕೆಂಡ ಕಾಣುತ್ತಿತ್ತು.
ಎರಡನೆಯ ರಾತ್ರಿಯೂ ಕಂಡಿತು.
ಬೆಳಗಿಗೆ ನಾವು ಗೆದ್ದೆವು.

ಎಂಟು ದಿನ ಆ ಮುಡಿಯ ಕಟ್ಟು ಯಾರೂ ಬಿಚ್ಚಲಿಲ್ಲ.

ಅಷ್ಟೇ ಹೇಳಿ ಫೋನು ಎತ್ತಿಕೊಂಡರು.
ಒಂದು ದೋಣಿ ಗೆರೆ ದಾಟಿತ್ತು. ಬೊಬ್ಬೆ, ನೊರೆ, ಅಪ್ಪುಗೆ.
ಕ್ಯಾಮೆರಾ ಗೆದ್ದವರನ್ನೇ ಸುತ್ತುತ್ತಿತ್ತು.
ಚೆಯ್ಯಬ್ಬಾಕ ಹೆಬ್ಬೆರಳಿನಿಂದ
ಪರದೆಯ ಅಂಚು ಎಳೆದರು, ಇನ್ನೊಮ್ಮೆ ಎಳೆದರು,
ಆಚೆಗೂ ಸ್ವಲ್ಪ ಕಡಲು ಮಡಚಿಟ್ಟಿರುವಂತೆ.

ಜಾಹೀರಾತು ಬಂತು.
ನನ್ನ ಫೆರಿಯೂ ಬಂತು, ಕೂಗಿತು, ಹೋಯಿತು.

ಬಂತಾ ಅದು? ಕೇಳಿದರು.
ಬರ್ತದೆ, ಅಂದೆ.