ಸೋಮವಾರದ ಆಟ

ಸೋಮವಾರ ಮೈದಾನಕ್ಕೆ ರಜೆ.
ಮೆಂಬರುಗಳಿಲ್ಲ, ಬ್ಯಾಟರಿ ಬಂಡಿಗಳಿಲ್ಲ,
ಬಾವುಟದ ಕೋಲುಗಳನ್ನೂ ಕಿತ್ತು ಷೆಡ್ಡಿನಲ್ಲಿ ಒರಗಿಸಿರುತ್ತಾರೆ.
ವರ್ಷಕ್ಕೊಮ್ಮೆ, ಮುತ್ತುಗ ಹೂ ಬಿಟ್ಟ ಮೇಲಿನ ಒಂದು ಸೋಮವಾರ,
ಬೆಳಗ್ಗೆ ಹತ್ತರವರೆಗೆ,
ಚೀಲ ಹೊರುವವರು ಆಡಬಹುದು.
ಮ್ಯಾನೇಜರು ಬಾಯಲ್ಲಿ ಹೇಳಿದ್ದು. ಕಾಗದವಿಲ್ಲ.

ಅದಕ್ಕೇ ಈ ಭಾನುವಾರ ರಾತ್ರಿ
ಮತ್ತಿಗಿರಿ ರಸ್ತೆಯ ಪರೋಟಾ ಅಂಗಡಿ ಹಿಂದೆ
ನಾವು ನಾಲ್ವರು, ಸಿಗರೇಟು ಪ್ಯಾಕಿನ ಬಿಳಿ ಒಳಮೈ,
ಬೆರಳುದ್ದದ ಒಂದು ಪೆನ್ಸಿಲ್ಲು.
ಅದೂ ಅಲ್ಲಿಯದೇ, ಅಂಕ ಬರೆಯುವಂಥದು,
ಅದರ ತಲೆಗೆ ರಬ್ಬರಿಲ್ಲ.

ಮೊದಲು ಚೆಂಡು.
ಚಾಂದ್ ಪಾಷ ಕೆರೆಗಿಳಿದು
ಕಾಲ ಬೆರಳಲ್ಲಿ ತಡಕಿ ತಂದದ್ದು ಮೂವತ್ತೊಂದು.
ಒಂದರ ಮೇಲೆ ಡಾಕ್ಟರ ಗುರುತಿದೆ, ಹಸಿರು ಶಾಯಿಯ ಚುಕ್ಕಿ.
ಅದು ಮುಳುಗಿದ ದಿನ ನನಗೆ ನೆನಪಿದೆ:
"ಗಾಳಿ ಎದುರಿಗಿದೆ ಸಾರ್, ಏಳು ಸಾಲದು, ಐದು ತಗೊಳ್ಳಿ."
ಅವರು ಏಳನ್ನೇ ತೆಗೆದುಕೊಂಡರು.
ಕೆರೆ ಚೆಂಡು ತೆಗೆದುಕೊಂಡಿತು.

ಕೋಲು ಮೂರು.
ಒಂದರ ಕತ್ತು ವಾರೆ.
ಒಂದನ್ನು ಯಾರದೋ ಸಿಟ್ಟು ಮೊಣಕಾಲಿಗೆ ಬಡಿದು ಮುರಿದಿತ್ತು,
ಸಿಪ್ಕಾಟ್ ಗೇಟಿನ ವೆಲ್ಡರು ಕೂಡಿಸಿಕೊಟ್ಟ,
ಎರಡು ಟೀಗೆ.
ನೆಲಕ್ಕೆ ಚುಚ್ಚುವ ಟೀ ಸಿಗದಿದ್ದರೆ ಬೇವಿನಕಡ್ಡಿ ಇದ್ದೇ ಇದೆ.

ಐದೂ ಮುಕ್ಕಾಲಿಗೆ ಗೇಟು.
ಏಳರೊಳಗೆ ನಾಲ್ಕನೆಯ ಕುಳಿ ಮುಗಿಸಬೇಕು,
ಆಮೇಲೆ ಆ ಬಂಡೆ ಕಾದ ಹಂಚು,
ನೆರಳಿಗೆ ಅಲ್ಲಿ ನವಿಲೂ ನಿಲ್ಲುವುದಿಲ್ಲ.
ಆದರೆ ಅಲ್ಲಿಂದ ನೋಡಿದರೆ
ಕೆರೆ, ಕೆರೆಯಾಚೆ ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಮನೆಗಳು,
ಅದರಾಚೆ ತಳಿ ಕಡೆಯ ಗುಡ್ಡಗಳ ನೀಲಿ.
ಹದಿನೆಂಟು ವರ್ಷ ಅಲ್ಲಿ ನಿಂತಿದ್ದೇನೆ,
ಬೇರೆಯವರ ಚೆಂಡು ನೋಡುತ್ತ.

ಐದನೆಯವಳಾಗಿ ಚಿನ್ನಕ್ಕ ಬರುತ್ತೇನೆಂದಳು.
ಏಳುಮಲೈ ತಲೆ ಕೆರೆದ.
"ಹೆಂಗಸು ಅಂತಲ್ಲಕ್ಕ, ನಿನಗೆ ಆಟ ಗೊತ್ತಿಲ್ಲ."
ಗ್ರೀನಿನ ಮೇಲೆ ಕುಕ್ಕರಗಾಲಲ್ಲಿ ಕೂತು
ಹನ್ನೆರಡು ವರ್ಷ ಕಳೆ ಕಿತ್ತವಳು
ಬಾಯೊಳಗಿನ ಎಲೆ ಆಚೆ ದವಡೆಗೆ ನೂಕಿ ಕೇಳಿದಳು:
"ಆರನೇದರಲ್ಲಿ ನೀರು ಬಿಟ್ಟರೆ ಎತ್ತಲಾಗಿ ಹರೀತದೆ, ಹೇಳು."
"ಕೆರೆ ಕಡೆ."
"ಮೊದಲು ಹುಣಸೆ ಕಡೆ ನಾಕು ಗೇಣು.
ಆಮೇಲೆ ಅದರ ಮನಸ್ಸು ತಿರುಗ್ತದೆ."
ಓಬುಳೇಸು ತೆಲುಗಿನಲ್ಲಿ ಏನೋ ಬೈದ, ಮೆಚ್ಚಿಕೊಂಡು.
ಪೆನ್ಸಿಲ್ಲು ಅವಳ ಹೆಸರನ್ನು ಎಲ್ಲರಿಗಿಂತ ಮೇಲೆ ಬರೆಯಿತು.

ಜಗಳ ಬಂದದ್ದು ಚೀಲಕ್ಕೆ.
ಚೀಲ ನಾನು ಹೊರುತ್ತೇನೆ, ಅಂದ ಪಾಷ.
ನೀನ್ಯಾಕೆ, ನಾನು, ಅಂದ ಏಳುಮಲೈ.
ನಾನೂ ಅಂದೆ, ಯೋಚಿಸದೆ.
ಮೂರು ಕೋಲಿಗೆ ಚೀಲವೇ ಬೇಕಿಲ್ಲವೆಂದು
ಹೊಳೆಯುವಷ್ಟರಲ್ಲಿ ಪರೋಟಾ ಆರಿತ್ತು.
ಯಾರೂ ನಗಲಿಲ್ಲ.
ಹೊರೆ ಇಲ್ಲದೆ ಆ ಹುಲ್ಲಿನ ಮೇಲೆ
ಹೇಗೆ ನಡೆಯುವುದೆಂದು
ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಮೊನ್ನೆ ಅಂಗಿಗೆ ಅಳತೆ ಕೊಟ್ಟಾಗ
ದರ್ಜಿ ಎರಡು ಸಲ ಟೇಪು ಹಿಡಿದ.
ನನ್ನ ಬಲಭುಜ ಎಡದ್ದಕ್ಕಿಂತ ಒಂದು ಬೆರಳು ತಗ್ಗು.
"ಸರಿ ಮಾಡಿ ಹೊಲೀಲಾ?" ಅಂದ.
ಹೇಗಿದೆಯೋ ಹಾಗೇ, ಅಂದೆ.

ಈಗ ಮನೆಯತ್ತ ನಡೆಯುತ್ತ
ಕತ್ತಲಲ್ಲಿ, ಕೈಯಲ್ಲಿ ಏನೂ ಇಲ್ಲದೆ,
ಒಮ್ಮೆ ಬೀಸಿ ನೋಡಿದೆ.
ಸೊಂಟ ತಾನೇ ತಿರುಗಿತು, ನೋಡಿ ನೋಡಿ ಕಲಿತದ್ದು.
ಮುಗಿದ ಮೇಲೆ ಮಾತ್ರ ತೋಳು ಚಾಚಿಕೊಂಡೇ ಉಳಿಯಿತು,
ಯಾರಾದರೂ ಕೋಲು ಇಸಿದುಕೊಳ್ಳಲೆಂದು.
ಬೀದಿನಾಯಿ ನೋಡಿತು.

ಜೇಬಿನಲ್ಲಿ ಪಟ್ಟಿ ಇದೆ:
ಚೆಂಡು 31, ಕೋಲು 3, ಚಿತ್ರಾನ್ನ, ಮಜ್ಜಿಗೆ.
ಮಜ್ಜಿಗೆಗೆ ಉಪ್ಪು ಯಾರು ತರುವುದೆಂದು
ಬರೆಯಲು ಮರೆತಿದ್ದೇವೆ.