ಸಂಜೆ ಬ್ಯಾಚು

ಮಂಡ್ಯದ ಗುತ್ತಲು ರಸ್ತೆ, ಜೆರಾಕ್ಸ್ ಅಂಗಡಿಯ ಮೇಲೆ
ಆರೂವರೆಗೆ ಶುರು ನಮ್ಮ ಇಂಗ್ಲಿಷು.
ಕಬ್ಬಿನ ಲಾರಿ ಹೋದಾಗಲೆಲ್ಲ ಬೋರ್ಡು ನಡುಗಿ
ಬರೆದ ಅಕ್ಷರ ಒಂದಿಷ್ಟು ಉದುರುತ್ತದೆ.
'ಭಯ ಬಿದ್ದಾಗ ಭಾಷೆ ಬೇಗ ಹತ್ತುತ್ತೆ' ಎನ್ನುತ್ತಾರೆ
ಫ್ಲೋರಿನ್ ಟೀಚರು. ಅದಕ್ಕೇ ದೆವ್ವದ ಪುಸ್ತಕ:
ತೆಳ್ಳಗಿದೆ, ಸುಲಭದ ಪದ,
ಪುಟದ ಕೆಳಗೆ ಅರ್ಥ.

ಅಲ್ಲಿನ ದೆವ್ವಗಳಿಗೆ ಭಾರಿ ಭಾರಿ ಮನೆ.
ಒಂದಕ್ಕೆ ಕೋಟೆ, ಒಂದಕ್ಕೆ ನೂರಾರು ಮೆಟ್ಟಿಲು,
ಸರಪಳಿ ಎಳೆಯಲು ಉದ್ದನೆ ಹಜಾರ.
ನಮ್ಮವಕ್ಕೆ ಹುಣಸೆಮರ, ನಾಲೆ ಏರಿ,
ಹೆಚ್ಚೆಂದರೆ ಪಾಳು ಪಂಪ್‌ಸೆಟ್ ಮನೆ.
'ಪಾಪ, ಬಾಡಿಗೆ ಕಟ್ಟೋಕಾಗ್ದೆ ಇರೋವು' ಅಂದಳು
ಗಾರ್ಮೆಂಟ್ಸಿನ ತಸ್ಲೀಮ.

ಬೋರಪ್ಪನ ಸರದಿ. ಆಟೋದವನು. ಎದ್ದು ನಿಂತು
ಅಂಗಿ ಎಳೆದುಕೊಂಡ. ಅವರಜ್ಜನ ಕತೆ:
ಸರಿರಾತ್ರಿ, ನಾಲೆ ಏರಿ, ಎತ್ತಿನ ಗಾಡಿ,
ಬಿಳಿ ಸೀರೆಯವಳು ಅಡ್ಡ ಬಂದು
ಎಲೆ ಹಿಡಿದು ಸುಣ್ಣ ಕೇಳಿದಳು.
ಕೈಯಾರೆ ಕೊಟ್ಟೆಯೋ, ಕೈಯೇ ಹೋಯ್ತು;
ಕುಡುಗೋಲ ತುದಿಗೆ ಹಚ್ಚಿ ಚಾಚಬೇಕು.
ಕುಡುಗೋಲು ಕೂಡ ಇಂಗ್ಲಿಷಿನಲ್ಲಿ ಬಂತು, ಸುಣ್ಣ ಬರಲಿಲ್ಲ.
'ಲೈಮ್' ಎಂದರು ಟೀಚರು.
'ಅದು ನಿಂಬೆಹಣ್ಣಲ್ವಾ ಮೇಡಮ್?'
'ಅದೂ ಲೈಮೇ, ಇದೂ ಲೈಮೇ.'
ಬೋರಪ್ಪ ಯೋಚಿಸಿದ. 'ಹಂಗಾರೆ ಇಂಗ್ಲಿಷಲ್ಲಿ ಕೇಳಿದ್ರೆ
ನಮ್ಮಜ್ಜ ನಿಂಬೆಹಣ್ಣು ಕೊಟ್ಟಿರೋನು,
ಅದ್ನ ಕಂಡು ಅವಳೇ ಓಡೋಗಿರೋಳು ಕನ್ರೀ.'
ನಗು. ಬೆಂಚು ಕಿರುಗುಟ್ಟಿತು. ಇನ್ನೊಂದು ಲಾರಿ.

ಆಮೇಲೆ ನಾನು.

ದೊಡ್ಡಾಸ್ಪತ್ರೆಯ ಶವಾಗಾರ, ಹನ್ನೆರಡು ವರ್ಷದ ನೈಟ್ ಡ್ಯೂಟಿ.
'ನಿಮಗೇನಕ್ಕ, ದಿನಾ ಬರ್ತಾವೆ' ಎಂದು ಕಾದರು ಎಲ್ಲ.
ಒಂದೂ ಬಂದಿಲ್ಲ. ಸತ್ತವರಷ್ಟು ತಂಟೆಯಿಲ್ಲದವರನ್ನ
ನಾನು ಕಂಡಿಲ್ಲ. ಚೀಟಿ ಬರೆದು ಕಾಲಿಗೆ ಕಟ್ಟಿದರೆ
ಬೆಳಗಿನವರೆಗೆ ಅದೇ ಹೆಸರಲ್ಲಿ ಮಲಗಿರುತ್ತಾರೆ.
ನನಗೆ ಹೆದರಿಕೆ ಎಂದರೆ ಇಂಗ್ಲಿಷು.

ಹೈವೇಯಲ್ಲಿ ಬಸ್ಸು ಮಗುಚಿದ ರಾತ್ರಿ
ಕೋಳಿ ಕೂಗೋ ಹೊತ್ತಿಗೆ ಒಬ್ಬ ಅಪ್ಪ ಬಂದ. ಯಾವ ಸೀಮೆಯವನೋ,
ಕನ್ನಡ ಇಲ್ಲ. ಎರಡು ಕಾಲಿಗೆ ಎರಡು ಜೊತೆಯ ಚಪ್ಪಲಿ.
ಮೊಬೈಲಲ್ಲಿ ಮಗಳ ಫೋಟೋ ತೋರಿಸಿ ಕೇಳಿದ:
ಈಸ್ ಶೀ ಹಿಯರ್?
ನೀಲಿ ಚೂಡಿದಾರ, ಗುರುತು ಸಿಕ್ಕಿತು. ನನ್ನಲ್ಲಿದ್ದ
ಇಂಗ್ಲಿಷನ್ನೆಲ್ಲ ಬಾಚಿ ಕೊಟ್ಟೆ:
ಯೆಸ್. ಶೀ ಈಸ್.

ಆ ಮುಖ ಬೆಳಗಿತು ನೋಡಿ.
ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡ.
ಅಲ್ಲಿಂದ ಬಾಗಿಲಿಗೆ ಹದಿನೇಳು ಹೆಜ್ಜೆ.
ಹದಿನೇಳು ಹೆಜ್ಜೆಯೂ ಅವಳು ಬದುಕಿದ್ದಳು.

ನಮ್ಮ ಮಾತಲ್ಲಾದರೆ ಸುಲಭ. ಉಸಿರು ನಿಂತ ಗಳಿಗೆಗೆ
ಅವಳು ಅದು ಆಗುತ್ತಾಳೆ. ಎಲ್ಲೈತೆ? ಒಳಗೈತೆ.
ಮಾತೇ ಹೇಳಿ ಮುಗಿಸುತ್ತದೆ,
ನಾವು ಬಾಯಿ ಬಿಟ್ಟು ಹೇಳಬೇಕಿಲ್ಲ.

ಇಷ್ಟನ್ನೂ ಇಂಗ್ಲಿಷಿನಲ್ಲೇ ಹೇಳಿದೆ, ತಪ್ಪು ತಪ್ಪಾಗಿ.
ಟೀಚರು ಒಂದನ್ನೂ ತಿದ್ದಲಿಲ್ಲ.
ಚಾಕ್ ಹಿಡಿದವರು ಹಿಡಿದೇ ಇದ್ದರು.
'ಏನನ್ನಬೇಕಿತ್ತು ಮೇಡಮ್?' ತಸ್ಲೀಮ ಮೆಲ್ಲಗೆ ಕೇಳಿದಳು.
ಪುಸ್ತಕ ತಿರುವಿದರು. ಪುಟದ ಕೆಳಗೆ
ಪಿಸುಮಾತು, ಸಮಾಧಿ, ಬಿಳಿಚಿದ, ಕಿರುಚು.

ಬೋರಪ್ಪ ದುಡ್ಡು ಬೇಡವೆಂದು ಆಸ್ಪತ್ರೆ ಗೇಟಿಗೆ ಬಿಟ್ಟ.
'ಬತ್ತೀನಿ ಕನಕ್ಕೋ' ಎಂದು ಹೊರಟುಹೋದ.

ಬೀಗ ತೆಗೆದೆ. ಪಟ್ಟಿ ನೋಡಿದೆ, ಮೂವರು.
ಅವನು ನಿಂತಿದ್ದ ಜಾಗಕ್ಕೆ ಮುಖ ಮಾಡಿ
ಹೇಳಿ ನೋಡಿದೆ: ಶೀ ವಾಸ್.
ಇನ್ನೊಂದು ಸಲ.
ಟ್ಯೂಬ್‌ಲೈಟು ಪಿಳಪಿಳ ಎಂದು ನಿಂತಿತು.

ವೋಲ್ಟೇಜು ಕಮ್ಮಿ, ಅಷ್ಟೆ.