ಕಾನೂನಿಗೆ ಬೇಡದ ಕಾಗದ

ಸ್ಟ್ರಾಮ್‌ನೆಸ್, ಆರ್ಕ್‌ನಿ ದ್ವೀಪ.
ಫೆಬ್ರವರಿ. ಗಾಳಿ.

ಕಿರ್ಕ್‌ವಾಲಿನ ವಕೀಲೆ ಮಿಸ್ ಕರ್ಸಿಟರ್ ಹೇಳಿದಳು:
ಟ್ರಸ್ಟಿನ ದಸ್ತಾವೇಜು ಇಪ್ಪತ್ತೊಂದು ಪುಟ, ಅದು ಗಟ್ಟಿ.
ಜೊತೆಗೊಂದು ಕಾಗದ ಬರೆದಿಡಿ, ಮಿಸೆಸ್ ಇಸ್ಬಿಸ್ಟರ್,
ನಿಮ್ಮ ಆಸೆಗಳನ್ನು, ನಿಮ್ಮದೇ ಮಾತಲ್ಲಿ.
ಕಾನೂನು ಅದಕ್ಕೆ ಬೆಲೆ ಕಟ್ಟುವುದಿಲ್ಲ.
ಓದುವವರು ಓದುತ್ತಾರೆ.

ಹಾಗಾದರೆ ಓದಿ.
ಥೋರಾ, ಮಗಳೇ, ನೀನು;
ಲೆಕ್ಕ ಬಲ್ಲ ಮಿಸ್ಟರ್ ರೆಂಡಾಲ್, ನೀವೂ.

ಎರ್ಲೆಂಡ್‌ಗೆ ನಲವತ್ತಾರು.
ಇಷ್ಟು ವರ್ಷ ಇರುತ್ತಾನೆಂದು ಯಾವ ಡಾಕ್ಟರೂ ಬರೆದುಕೊಟ್ಟಿರಲಿಲ್ಲ.
ಹನ್ನೆರಡು ಎಂದಿದ್ದರು, ಆಮೇಲೆ ಇಪ್ಪತ್ತೈದು,
ಆಮೇಲೆ ಹೇಳುವುದನ್ನೇ ಬಿಟ್ಟರು.

ಅವನ ಹೆಸರಿಗೆ ನೇರ ಏನೂ ಬರಬಾರದು, ಅದು ನನಗೆ ತಿಳಿದಿದೆ:
ಹದಿನಾರು ಸಾವಿರ ಪೌಂಡು ದಾಟಿದರೆ
ಸರ್ಕಾರ ತನ್ನ ಕೈ ಹಿಂದಕ್ಕೆಳೆಯುತ್ತದೆ.
ತಾಯಿ ಕೊಟ್ಟದ್ದೇ ಮಗನ ತಟ್ಟೆ ಕಸಿಯಬಾರದಲ್ಲ.
ಅದಕ್ಕೇ ಬಂದರಿನ ಮೇಲಿನ ಈ ಮನೆ,
ಅವನಪ್ಪ ದೋಣಿ ಮಾರಿ ಬ್ಯಾಂಕಿನಲ್ಲಿಟ್ಟದ್ದು,
ಎಲ್ಲ ನಿಮ್ಮ ಕೈಲಿ, ಅವನ ಸಲುವಾಗಿ.
ನಿಮ್ಮದಲ್ಲದ್ದನ್ನು ನಿಮ್ಮದರಂತೆ ಕಾಯಬೇಕು;
ಅವನದಾದರೂ ಅವನು ಕೇಳಲಾರ.

ಅವನು ಕೇಳುವುದೇ ಬೇರೆ.
ಟೋಸ್ಟು ಮೂಲೆಯಿಂದ ಮೂಲೆಗೆ ಕತ್ತರಿಸಬೇಕು.
ನೇರ ಕತ್ತರಿಸಿದರೆ ಅವತ್ತು ಊಟವಿಲ್ಲ, ನಿಮಗೂ ನೆಮ್ಮದಿಯಿಲ್ಲ.
ಸಂಜೆಯ ಹಡಗು ಬರುವ ತನಕ ಕಿಟಕಿ ಬಿಟ್ಟು ಏಳುವುದಿಲ್ಲ.
ಬಿರುಗಾಳಿಗೆ ಹಡಗು ನಿಂತ ದಿನ
'ನಾಳೆ ಎರಡು ಬರುತ್ತೆ' ಅನ್ನಿ. ಸುಳ್ಳು, ಗೊತ್ತು.
ಸುಳ್ಳಿಗೆ ಈ ಕಾಗದದಲ್ಲಿ ಅನುಮತಿ ಇದೆ.

ನಗುತ್ತಿದ್ದಾನೆಂದರೆ ಸುಖವಾಗಿದ್ದಾನೆಂದಲ್ಲ.
ಹಲ್ಲುನೋವಿದ್ದಾಗಲೂ ನಗುತ್ತಾನೆ;
ಎಡಗಿವಿ ಮುಟ್ಟಿಕೊಳ್ಳುತ್ತಿದ್ದರೆ ಡಾಕ್ಟರಿಗೆ ಫೋನು ಮಾಡಿ.

ಮಿಸ್ಟರ್ ರೆಂಡಾಲ್, ನಿಮಗೊಂದು ಮಾತು.
ನೀವು ಒಳ್ಳೆಯವರು, ಅದೇ ಭಯ:
ಒಳ್ಳೆಯವರು ಬೇರೆಯವರ ದುಡ್ಡು ಮುಟ್ಟಲು ಅಂಜುತ್ತಾರೆ.
ಉಳಿಸಬೇಡಿ. ಬೂಟು ಸವೆಯುವ ಮೊದಲೇ ಬೂಟು ಕೊಡಿಸಿ.
ವರ್ಷಕ್ಕೊಮ್ಮೆ ಅಬರ್ಡೀನಿಗೆ, ರಾತ್ರಿಯ ಹಡಗಿನಲ್ಲಿ,
ಕ್ಯಾಬಿನ್ನು ಕಿಟಕಿಯಿದ್ದದ್ದೇ.
ರಸೀತಿಯಿಲ್ಲದ ಐಸ್‌ಕ್ರೀಮಿಗೂ ಒಂದು ಕಾಲಂ ಹಾಕಿಕೊಳ್ಳಿ.

ಥೋರಾ, ನಿನಗೆ ಬರೆಯುವುದು ಕಷ್ಟ.
ನಿನ್ನ ಪಾಲು ಕಡಿಮೆ ಬಂತು. ಒಂದು ಮಾತೂ ಆಡಲಿಲ್ಲ ನೀನು,
ಟೀ ಲೋಟ ತೊಳೆದೆ, ತೊಳೆದದ್ದನ್ನೇ ತೊಳೆದೆ.
ನೋಡಿದೆ.
ಅವನನ್ನು ನಿನ್ನ ಮನೆಗೆ ಕರೆದೊಯ್ಯಬೇಡ.
ನಿನ್ನ ಬದುಕು ನಿನಗಿರಲಿ ಅಂತಲೂ ಈ ಇಪ್ಪತ್ತೊಂದು ಪುಟ.
ಭಾನುವಾರ ಫೋನು ಮಾಡು.
ಮಾತಾಡುವುದಿಲ್ಲ, ಉಸಿರಾಡುತ್ತಾನೆ.
ಅದನ್ನು ಕೇಳಿಸಿಕೋ.

ಹನ್ನೊಂದನೇ ಪುಟದಲ್ಲಿ 'ಫಲಾನುಭವಿಯ ಮರಣಾನಂತರ' ಎಂದಿದೆ.
ವಕೀಲೆಯಿಂದ ಎರಡು ಸಲ ಓದಿಸಿದೆ. ಕಿವಿ ಮಂದವೆಂದುಕೊಂಡಳು.
ಕಿವಿಯಲ್ಲ.
ನಲವತ್ತು ವರ್ಷ ಪ್ರತಿ ರಾತ್ರಿ ಒಂದೇ ಬೇಡಿದ್ದೆ:
ಅವನು ಮೊದಲು, ನಾನು ಮಾರನೆಯ ದಿನ.
ಒಂದು ದಿನದ ಅಂತರ ಸಾಕು, ಅವನ ಬಟ್ಟೆ ಮಡಿಸಲು.
ಹೆತ್ತ ಬಾಯಲ್ಲಿ ಬರುವ ಮಾತೇ ಅದು.
ಮೊನ್ನೆ, ಸಹಿ ಹಾಕಿದ ರಾತ್ರಿ, ಮಂಡಿಯೂರಿದೆ.
ಬಾಯಿಗೆ ಬರಲಿಲ್ಲ.
ಎದ್ದು ಮಲಗಿದೆ.

ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು
ಎಷ್ಟು ದಿನ ಬಂದೀತು, ಬಲ್ಲೆ.
ಆದರೂ ಕಟ್ಟುತ್ತಿದ್ದೇನೆ. ಕೈಗೆ ಬೇರೆ ಕೆಲಸ ಗೊತ್ತಿಲ್ಲ.

ಈಗ ಪಕ್ಕದಲ್ಲಿ ಬಂದು ಕೂತ. ಏನು ಬರೀತಿದ್ದೀ ಅಂದ.
ಸಾಮಾನಿನ ಚೀಟಿ ಅಂದೆ.
ಬಿಸ್ಕತ್ತು ಬರಿ ಅಂದ.

ಬಿಸ್ಕತ್ತು.

ಮರೆತೆ: ಮೀನಿನ ಮುಳ್ಳು ತೆಗೆದುಕೊಡಿ.
ತೆಗೆದಾಯಿತು ಅನ್ನಿಸಿದ ಮೇಲೆ
ಇನ್ನೊಮ್ಮೆ ಬೆರಳಾಡಿಸಿ.